ಸೊನ್ನೆ ರೂಪಾಯಿ ಬಿಲ್ಲನ್ನೂ ಓದಬೇಕು

ಈ ಸಲದ ನಮ್ಮ ಗೋಡೆ ಪತ್ರಿಕೆಯ ‘ನನ್ನ ಅಭಿಪ್ರಾಯ’ ಅಂಕಣಕ್ಕೆ ಬರೆಯುವ ಸರದಿ ನನ್ನದು. ಲೇಖನ ಸ್ವಲ್ಪ ಉದ್ದವಾಗಿದೆ, ಡ್ರಾಯಿಂಗ್ ಹಾಳೆ ಎರಡು ಹಿಡಿದಿದೆ. ಬೆಲ್ ಹೊಡೆಯುವ ಮುಂಚೆ ಓದಲು ಆಗದಿದ್ದರೆ ಊಟದ ಬಿಡುವಿನಲ್ಲಿ ಬಂದು ಓದಿ. ಆದರೆ ಪೂರ್ತಿ ಓದಿ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ನಮ್ಮ ಮನೆಯ ಕರೆಂಟ್ ಬಿಲ್ಲನ್ನು ನಾವೇ ಲೆಕ್ಕ ಹಾಕಬೇಕು. ಏಳನೇ ತರಗತಿಗೆ ಬಂದ ಪ್ರತಿಯೊಬ್ಬರೂ ಇದನ್ನು ಕಲಿತಿರಬೇಕು. ಬಿಲ್ಲು ಸೊನ್ನೆ ರೂಪಾಯಿ ಬಂದಿದ್ದರೂ ಲೆಕ್ಕ ಹಾಕಬೇಕು.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಕೆಲವರು ನಕ್ಕರು. “ಸೊನ್ನೆಗೆ ಏನು ಲೆಕ್ಕ ಹಾಕ್ತೀಯೆ? ಸೊನ್ನೆ ಅಂದ್ರೆ ಸೊನ್ನೆ” ಅಂದರು. ಅವರಿಗೆ ಉತ್ತರ ಕೊಡಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನಮ್ಮೂರಲ್ಲಿ ಬಿಲ್ಲಿನ ಗತಿ ಏನಾಗುತ್ತದೆ ನೋಡಿ. ಬಿಲ್ ಬರೆಯುವ ಅಣ್ಣ ತಿಂಗಳಿಗೊಮ್ಮೆ ಬರುತ್ತಾರೆ. ಮೀಟರ್ ನೋಡಿ, ಕೈಯಲ್ಲಿರುವ ಮೆಷಿನ್‌ನಿಂದ ಉದ್ದನೆಯ ಚೀಟಿ ಹರಿದು ಕೊಟ್ಟು ಹೋಗುತ್ತಾರೆ. ಮುಂಚೆ ಆ ಚೀಟಿಯನ್ನು ಅಪ್ಪನೋ ಅಣ್ಣನೋ ಒಂದು ಸಲ ನೋಡುತ್ತಿದ್ದರು. ಎಲ್ಲವನ್ನೂ ಓದುತ್ತಿರಲಿಲ್ಲ. ಕೊನೆಯಲ್ಲಿ ಎಷ್ಟು ರೂಪಾಯಿ ಅಂತ ಮಾತ್ರ ನೋಡಿ “ಏನಪ್ಪಾ ಇಷ್ಟು ಬಂದಿದೆ!” ಅಂತ ಬೈಯುತ್ತಿದ್ದರು. 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂತು. ಆಗಸ್ಟ್‌ನಲ್ಲಿ ತುಂಬಾ ಮನೆಗಳಿಗೆ ಸೊನ್ನೆ ಬಿಲ್ ಬಂತು. ಆಮೇಲೆ ಆ ಒಂದು ಸಾಲನ್ನು ಓದುವುದೂ ನಿಂತುಹೋಯಿತು. ಚೀಟಿ ಕ್ಯಾಲೆಂಡರಿನ ಹಿಂದೆ ಹೋಗುತ್ತದೆ, ಇಲ್ಲವೇ ಸೂರಿನ ಸಂದಿಗೆ. ನಮ್ಮ ಮನೆಯಲ್ಲಿ ಒಂದು ಚೀಟಿಯಲ್ಲಿ ಮೆಂತ್ಯ ಕಟ್ಟಿಟ್ಟಿದ್ದರು.

ಅದು ಹೇಗೆ ಸೊನ್ನೆ ಆಯಿತು ಅಂತ ಯಾರನ್ನು ಕೇಳಿದರೂ “ಗೌರ್ಮೆಂಟು ಫ್ರೀ ಕೊಟ್ಟಿದೆ” ಅನ್ನುತ್ತಾರೆ. ಅದು ನಿಜ. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟಿಲ್ಲ. “200 ಯೂನಿಟ್ ಫ್ರೀ” ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವುದರಲ್ಲಿ ಅರ್ಧ ಮಾತ್ರ ಸರಿ. ಅದಕ್ಕೇ ಲೆಕ್ಕ ಬೇಕಾಗಿರುವುದು.

ಯೂನಿಟ್ ಅಂದರೆ ಏನು?

ಒಂದು ಕೆ.ಜಿ. ಅಕ್ಕಿ ಅಂದರೆ ನಮಗೆ ಗೊತ್ತು. ಒಂದು ಲೀಟರ್ ಹಾಲು ಅಂದರೂ ಗೊತ್ತು. ಒಂದು ಯೂನಿಟ್ ಕರೆಂಟ್ ಕಣ್ಣಿಗೆ ಕಾಣುವುದಿಲ್ಲ. ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದು ಹೀಗೆ: 1000 ವ್ಯಾಟ್‌ನ ಒಂದು ವಸ್ತು ಒಂದು ಗಂಟೆ ಹೊತ್ತು ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಇದಕ್ಕೇ ಕಿಲೋವ್ಯಾಟ್ ಅವರ್ ಅನ್ನುತ್ತಾರೆ. ಹಾಗಾದರೆ ಸೂತ್ರ ಸುಲಭ. ವ್ಯಾಟನ್ನು ಗಂಟೆಯಿಂದ ಗುಣಿಸಿ, ದಿನದಿಂದ ಗುಣಿಸಿ, 1000ದಿಂದ ಭಾಗಿಸಿ. ಗುಣಾಕಾರ ಭಾಗಾಕಾರ ಬಂದರೆ ಸಾಕು.

ನಮ್ಮ ಮನೆಯಲ್ಲಿ ನಾನು ಒಂದು ತಿಂಗಳು ಬರೆದಿಟ್ಟ ಲೆಕ್ಕ ಇಲ್ಲಿದೆ. ಎಷ್ಟು ವ್ಯಾಟ್ ಅನ್ನುವುದು ಬಲ್ಬಿನ ಮೇಲೆ, ಮಿಕ್ಸಿಯ ತಳದಲ್ಲಿ, ಟಿವಿಯ ಹಿಂದೆ ಬರೆದಿರುತ್ತದೆ.

ಎಲ್‌ಇಡಿ ಬಲ್ಬು 4, ಒಂದೊಂದು 9 ವ್ಯಾಟ್, ದಿನಕ್ಕೆ 5 ಗಂಟೆ: ತಿಂಗಳಿಗೆ 5.4 ಯೂನಿಟ್.
ಫ್ಯಾನ್ 1, 75 ವ್ಯಾಟ್, ದಿನಕ್ಕೆ 8 ಗಂಟೆ: 18 ಯೂನಿಟ್.
ಟಿವಿ, 60 ವ್ಯಾಟ್, ದಿನಕ್ಕೆ 4 ಗಂಟೆ: 7.2 ಯೂನಿಟ್.
ಮಿಕ್ಸಿ, 500 ವ್ಯಾಟ್, ದಿನಕ್ಕೆ 10 ನಿಮಿಷ: 2.5 ಯೂನಿಟ್.
ಒಟ್ಟು 33.1 ಯೂನಿಟ್.

ಆ ತಿಂಗಳು ಮೀಟರಿನಲ್ಲಿ 35 ಯೂನಿಟ್ ಓಡಿತ್ತು. ಉಳಿದ ಎರಡು ಯೂನಿಟ್ ಮೊಬೈಲ್ ಚಾರ್ಜಿಗೆ, ಅಕ್ಕನ ಇಸ್ತ್ರಿ ಪೆಟ್ಟಿಗೆಗೆ ಹೋಗಿರಬೇಕು. ನನ್ನ ಪೆನ್ಸಿಲ್ ಲೆಕ್ಕವೂ ಮೀಟರಿನ ಲೆಕ್ಕವೂ ಇಷ್ಟು ಹತ್ತಿರ ಬಂದಿದ್ದು ನೋಡಿ ನನಗೆ ಬಹಳ ಖುಷಿ ಆಯಿತು. ಪರೀಕ್ಷೆಯಲ್ಲಿ ಉತ್ತರ ಸರಿಯಾದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಇದರಲ್ಲಿ ಒಂದು ವಿಷಯ ಗಮನಿಸಿ. ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್. ಅದರ ಜಾಗದಲ್ಲಿ 9 ವ್ಯಾಟ್ ಎಲ್‌ಇಡಿ ಹಾಕಿದರೆ 1.35 ಯೂನಿಟ್. ನೀರು ಕಾಯಿಸುವ ಕಾಯಿಲ್ 1500 ವ್ಯಾಟ್ ಇರುತ್ತದೆ. ಅದನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೂ ತಿಂಗಳಿಗೆ 22.5 ಯೂನಿಟ್! ನಾವು ಬಲ್ಬು ಆರಿಸಲಿಲ್ಲ ಅಂತ ದಿನಾ ಬೈಸಿಕೊಳ್ಳುತ್ತೇವೆ, ಆದರೆ ಬಚ್ಚಲಿನ ಕಾಯಿಲ್ಲನ್ನು ಯಾರೂ ಬೈಯುವುದಿಲ್ಲ. ಯಾರನ್ನು ಬೈಯಬೇಕು ಅನ್ನುವುದೂ ಲೆಕ್ಕ ಹಾಕಿದರೇ ಗೊತ್ತಾಗುವುದು.

ಸೊನ್ನೆ ಹೇಗೆ ಬರುತ್ತದೆ?

ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರದ್ದೇ ಒಂದು ಮಿತಿ ಇದೆ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತು ಎಂದು ನೋಡಿ, ಅದಕ್ಕೆ ಶೇಕಡಾ 10 ಸೇರಿಸಿ ಮಿತಿ ಕಟ್ಟಿದರು. 2024ರಲ್ಲಿ ಒಂದು ಬದಲಾವಣೆ ಆಯಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಸಣ್ಣ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವುದು ಎಂದು ತೀರ್ಮಾನ ಮಾಡಿದರು.

ಸರಾಸರಿ, ಶೇಕಡಾ ಎರಡೂ ನಮ್ಮ ಗಣಿತ ಪುಸ್ತಕದಲ್ಲಿ ಇವೆ. ಈಗ ನಮ್ಮ ಮನೆಯ ಲೆಕ್ಕ ನೋಡಿ. ಆ ವರ್ಷ ಹನ್ನೆರಡು ತಿಂಗಳಲ್ಲಿ 540 ಯೂನಿಟ್. ಸರಾಸರಿ 540ನ್ನು 12ರಿಂದ ಭಾಗಿಸಿದರೆ 45. ಹಳೆಯ ಲೆಕ್ಕದಲ್ಲಿ 45ರ ಶೇಕಡಾ 10 ಅಂದರೆ 4.5, ಒಟ್ಟು 49.5. ಹೊಸ ಲೆಕ್ಕದಲ್ಲಿ 45ಕ್ಕೆ 10 ಸೇರಿ 55. ಐದೂವರೆ ಯೂನಿಟ್ ಲಾಭ. ಇನ್ನೊಂದು ಮನೆಯ ಸರಾಸರಿ 60 ಇದ್ದರೆ ಶೇಕಡಾ 10 ಸೇರಿ 66. ಹೊಸದಾಗಿ ಕಟ್ಟಿದ ಮನೆಗೆ ಹಿಂದಿನ ಲೆಕ್ಕವೇ ಇರುವುದಿಲ್ಲ. ಅವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ 58 ಎಂದು ಇಟ್ಟರು.

ಬಳಕೆ ಈ ಮಿತಿಯ ಒಳಗೆ ಇದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರ ಒಳಗೆ ಇದ್ದರೆ, ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಈ ಮೂರು ಮಾತು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಹೆದರಿಕೆ ಅಂತ ಯಾಕೆ ಬರೆದೆ ಅಂದರೆ, ನಮ್ಮ ಬೀದಿಯ ಕೊನೆ ಮನೆಯ ಅಜ್ಜಿಗೆ ಆದದ್ದನ್ನು ನಾನು ನೋಡಿದ್ದೇನೆ. ಅವರು ಒಬ್ಬರೇ ಇರುವುದು. 2025ರ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಬ್ಬರು ಬಂದು ಇಪ್ಪತ್ತು ದಿನ ಇದ್ದು ಹೋದರು. ಮುಂದಿನ ಬಿಲ್ಲು 87 ರೂಪಾಯಿ ಬಂತು. ಅಲ್ಲಿಯ ತನಕ ಸೊನ್ನೆ ಬರುತ್ತಿತ್ತು. ಯಾರೋ “ನಿಮ್ಮ ಫ್ರೀ ಕರೆಂಟು ಕ್ಯಾನ್ಸಲ್ ಆಗಿದೆ” ಅಂದರಂತೆ. ಇನ್ನೊಬ್ಬರು “ಇನ್ನೂರು ರೂಪಾಯಿ ಕೊಡಿ, ಆಫೀಸಿಗೆ ಹೋಗಿ ಸರಿ ಮಾಡಿಸ್ತೀನಿ” ಅಂದರಂತೆ. ನಾನು ಒಂದು ಸಂಜೆ ಕರಿಬೇವು ತರಲು ಹೋದಾಗ ಮನೆಯೆಲ್ಲಾ ಕತ್ತಲು. ದೇವರ ಮುಂದೆ ಒಂದು ಮೇಣದಬತ್ತಿ ಉರಿಯುತ್ತಿತ್ತು.

“ಯಾಕಜ್ಜಿ, ಲೈಟ್ ಹಾಕಿಲ್ಲ?”

“ನಂದು ಫ್ರೀ ಹೋಯ್ತಂತೆ ಮಗಾ. ಮುಂದಿನ ತಿಂಗ್ಳು ಇನ್ನೂ ಜಾಸ್ತಿ ಬರ್ತದಂತೆ. ಅದ್ಕೇ ಸ್ವಿಚ್ಚೇ ಮುಟ್ಟಿಲ್ಲ” ಅಂದರು. ಹನ್ನೊಂದು ದಿನದಿಂದ ಹಾಗೇ ಇದ್ದರಂತೆ. ಮಳೆ ಶುರುವಾಗಿತ್ತು, ಅವರ ಹಿತ್ತಲಲ್ಲಿ ಹಾವು ಓಡಾಡುವುದು ನಮಗೆಲ್ಲಾ ಗೊತ್ತು.

ಮಾರನೇ ದಿನ ನಾನೂ ನನ್ನ ಗೆಳತಿಯೂ ಅಜ್ಜಿಯ ಬಿಲ್ಲು ಇಟ್ಟುಕೊಂಡು ಕೂತೆವು. ಅರ್ಹ ಯೂನಿಟ್ 38 ಎಂದು ಅಚ್ಚಾಗಿತ್ತು. ಬಳಕೆ 51. ಕಳೆದರೆ 13. ಅಂದರೆ ಫ್ರೀ ಎಲ್ಲೂ ಹೋಗಿರಲಿಲ್ಲ! 38 ಯೂನಿಟ್ ಫ್ರೀಯಾಗೇ ಬಂದಿತ್ತು. 13ಕ್ಕೆ ಮಾತ್ರ ದುಡ್ಡು.

2025ರ ಏಪ್ರಿಲ್‌ನಿಂದ ಮನೆಗಳಿಗೆ ಯೂನಿಟ್ ದರ 5 ರೂಪಾಯಿ 80 ಪೈಸೆ ಆಗಿತ್ತು. 13 ಯೂನಿಟ್‌ಗೆ 75 ರೂ. 40 ಪೈಸೆ. ಅದರ ಮೇಲೆ ಶೇಕಡಾ 9 ತೆರಿಗೆ, 6 ರೂ. 79 ಪೈಸೆ. ವಿದ್ಯುತ್ ನೌಕರರ ಪಿಂಚಣಿಗಾಗಿ ಯೂನಿಟ್‌ಗೆ 36 ಪೈಸೆ ಹೆಚ್ಚುವರಿ, 4 ರೂ. 68 ಪೈಸೆ. ಕೂಡಿದರೆ 86 ರೂ. 87 ಪೈಸೆ. ಬಿಲ್ಲಿನಲ್ಲಿ 87. ಸರಿಹೋಯಿತು.

ಆ 13 ಯೂನಿಟ್ ಎಲ್ಲಿಂದ ಬಂತು ಅಂತಲೂ ಹುಡುಕಿದೆವು. ಮೊಮ್ಮಕ್ಕಳು ಇದ್ದಾಗ ಫ್ಯಾನ್ ದಿನಕ್ಕೆ ಹತ್ತು ಗಂಟೆ ಹೆಚ್ಚು ತಿರುಗಿತ್ತು. 75 ವ್ಯಾಟ್, 10 ಗಂಟೆ, 20 ದಿನ: 15 ಯೂನಿಟ್. ಅಜ್ಜಿಯ ಮಾಮೂಲಿ ಬಳಕೆ 36. ಎರಡೂ ಸೇರಿದರೆ 51. ಮೊಮ್ಮಕ್ಕಳು ಊರಿಗೆ ಹೋದ ಮೇಲೆ ಮತ್ತೆ 36ಕ್ಕೆ ಬರುತ್ತದೆ, ಮತ್ತೆ ಸೊನ್ನೆ ಆಗುತ್ತದೆ ಅಂತ ಹೇಳಿದೆವು. ಮುಂದಿನ ತಿಂಗಳು ಹಾಗೇ ಆಯಿತು.

ಈಗ ಮೇಣದಬತ್ತಿಯ ಲೆಕ್ಕ ನೋಡಿ. ದಿನಕ್ಕೊಂದು ಐದು ರೂಪಾಯಿಯ ಮೇಣದಬತ್ತಿ, ಹನ್ನೊಂದು ದಿನಕ್ಕೆ 55 ರೂಪಾಯಿ. 9 ವ್ಯಾಟ್ ಬಲ್ಬನ್ನು ದಿನಾ ನಾಲ್ಕು ಗಂಟೆ ಹಾಕಿದ್ದರೆ 0.036 ಯೂನಿಟ್. ದುಡ್ಡು ಕೊಟ್ಟು ಕೊಂಡರೂ ದಿನಕ್ಕೆ 21 ಪೈಸೆ. ಹನ್ನೊಂದು ದಿನಕ್ಕೆ 2 ರೂಪಾಯಿ 31 ಪೈಸೆ. ಅದೂ ಮಿತಿಯ ಒಳಗೇ ಇದ್ದದ್ದರಿಂದ ಅಷ್ಟೂ ಫ್ರೀ. ಲೆಕ್ಕ ಗೊತ್ತಿಲ್ಲದ್ದಕ್ಕೆ ಒಬ್ಬ ಮುದುಕಿ ಫ್ರೀ ಬೆಳಕನ್ನು ಆರಿಸಿ, 55 ರೂಪಾಯಿ ಕೊಟ್ಟು ಕತ್ತಲಲ್ಲಿ ಕೂತರು. 87 ರೂಪಾಯಿ ಬಿಲ್ಲನ್ನು ಸರಿ ಮಾಡಿಸಲು 200 ರೂಪಾಯಿ ಕೊಡುವುದರಲ್ಲಿದ್ದರು. ಇದನ್ನೆಲ್ಲಾ ಬಿಡಿಸಲು ನಮಗೆ ಬೇಕಾಗಿದ್ದು ಅರ್ಧ ಹಾಳೆ, ಒಂದು ಪೆನ್ಸಿಲ್. ಈಗ ನೀವೇ ಹೇಳಿ, ಸೊನ್ನೆ ಬಿಲ್ಲನ್ನು ಓದಬೇಕೋ ಬೇಡವೋ?

200ರ ಗೆರೆ

ಇನ್ನೊಂದು ಲೆಕ್ಕ ಕೇಳಿ. ಇದು ದೊಡ್ಡ ಮನೆಯವರಿಗೆ. ಅಣ್ಣ ತಮ್ಮ ಇಬ್ಬರ ಸಂಸಾರ ಒಂದೇ ಮೀಟರಿನಲ್ಲಿ ಇದೆ ಅಂತ ಇಟ್ಟುಕೊಳ್ಳೋಣ. ಸರಾಸರಿ 160 ಯೂನಿಟ್, ಮಿತಿ 176. ಮಂಜೂರಾದ ಲೋಡು 2 ಕಿಲೋವ್ಯಾಟ್.

ಒಂದು ತಿಂಗಳು 199 ಯೂನಿಟ್ ಆಯಿತು. ಹೆಚ್ಚಾದದ್ದು 23. ಯೂನಿಟ್ ದರದಲ್ಲಿ 133 ರೂ. 40 ಪೈಸೆ, ತೆರಿಗೆ 12 ರೂ. 1 ಪೈಸೆ, ಪಿಂಚಣಿಯದ್ದು 8 ರೂ. 28 ಪೈಸೆ. ಒಟ್ಟು 153 ರೂ. 69 ಪೈಸೆ.

ಮುಂದಿನ ತಿಂಗಳು 210 ಯೂನಿಟ್ ಆಯಿತು. 200 ದಾಟಿತು. ಈಗ 210 ಯೂನಿಟ್‌ಗೂ ದುಡ್ಡು: 1218 ರೂಪಾಯಿ. ತೆರಿಗೆ 109 ರೂ. 62 ಪೈಸೆ. ಪಿಂಚಣಿಯದ್ದು 75 ರೂ. 60 ಪೈಸೆ. ಅದರ ಜೊತೆ ನಿಗದಿತ ಶುಲ್ಕ, 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ ದರದಲ್ಲಿ ಒಂದು ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ಎರಡಕ್ಕೆ 290. ಒಟ್ಟು 1693 ರೂ. 22 ಪೈಸೆ!

ಹೆಚ್ಚು ಬಳಸಿದ್ದು ಬರೀ 11 ಯೂನಿಟ್. ಹೆಚ್ಚು ಕಟ್ಟಿದ್ದು 1539 ರೂಪಾಯಿ 53 ಪೈಸೆ. ಇಂಥ ಬಿಲ್ಲು ಬಂದ ದಿನ ಆ ಮನೆಯಲ್ಲಿ ಏನಾಗುತ್ತದೆ? “ನಿನ್ನ ಹೆಂಡತಿ ದಿನಾ ಕಾಯಿಲ್ ಹಾಕ್ತಾಳೆ”, “ನಿನ್ನ ಮಕ್ಕಳು ಟಿವಿ ಆರಿಸಲ್ಲ” ಅಂತ ಶುರುವಾಗುತ್ತದೆ. ಇಂಥ ಜಗಳ ನಮ್ಮೂರಲ್ಲಿ ನಾವ್ಯಾರೂ ಕೇಳಿಲ್ಲವೇ? ಜಗಳ ಮಾಡುವುದಕ್ಕಿಂತ ತಿಂಗಳ ನಡುವೆ ಒಂದು ಸಲ ಮೀಟರ್ ನೋಡುವುದು ಸುಲಭ.

ಹೇಗೆ ಅಂದರೆ, ಬಿಲ್ ಬರೆದ ದಿನದ ಅಂಕೆ ಚೀಟಿಯಲ್ಲಿ ‘ಇಂದಿನ ಮಾಪನ’ ಎಂದು ಇರುತ್ತದೆ. ಹತ್ತು ದಿನ ಬಿಟ್ಟು ಮೀಟರ್ ನೋಡಿ. ಇಂದಿನ ಅಂಕೆಯಲ್ಲಿ ಹಿಂದಿನದನ್ನು ಕಳೆಯಿರಿ. 68 ಬಂತು ಅನ್ನಿ. ಒಂದು ದಿನಕ್ಕೆ 6.8. ಮೂವತ್ತು ದಿನಕ್ಕೆ 204. ಗೆರೆ ದಾಟುತ್ತದೆ ಅಂತ ಹತ್ತನೇ ದಿನವೇ ಗೊತ್ತಾಯಿತು! ಉಳಿದ ಇಪ್ಪತ್ತು ದಿನಕ್ಕೆ ಉಳಿದಿರುವುದು 132 ಯೂನಿಟ್, ಅಂದರೆ ದಿನಕ್ಕೆ 6.6. ದಿನಕ್ಕೆ 0.2 ಯೂನಿಟ್ ಉಳಿಸಿದರೆ ಸಾಕು. 1500 ವ್ಯಾಟ್ ಕಾಯಿಲ್ಲನ್ನು ದಿನಕ್ಕೆ ಎಂಟೇ ನಿಮಿಷ ಕಡಿಮೆ ಹಾಕಿದರೆ ಅಷ್ಟು ಉಳಿಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅಂತ ಪ್ರಬಂಧದಲ್ಲಿ ಬರೆಯುತ್ತೇವೆ. ಮೀಟರಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ದರ ಇಳಿದರೂ ಬಿಲ್ಲು ಏರಿತು

2025ರಲ್ಲಿ “ಯೂನಿಟ್ ದರ 10 ಪೈಸೆ ಇಳಿಕೆ” ಎಂಬ ಸುದ್ದಿ ಬಂದಿತ್ತು. 5 ರೂ. 90 ಪೈಸೆ ಇದ್ದದ್ದು 5 ರೂ. 80 ಪೈಸೆ ಆಯಿತು. ಕೇಳಿದವರಿಗೆ ಸಂತೋಷ. ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ಇದ್ದದ್ದು 145 ಆಯಿತು. 36 ಪೈಸೆಯ ಹೊಸ ಸಾಲು ಬೇರೆ ಸೇರಿತು. ಗೃಹಜ್ಯೋತಿ ಇಲ್ಲದ, ಒಂದು ಕಿಲೋವ್ಯಾಟ್‌ನ, 50 ಯೂನಿಟ್ ಬಳಸುವ ಮನೆಗೆ ಲೆಕ್ಕ ಹಾಕಿ ನೋಡಿದೆ.

ಮೊದಲು: 295 ರೂಪಾಯಿ, ತೆರಿಗೆ 26.55, ನಿಗದಿತ 120. ಒಟ್ಟು 441 ರೂ. 55 ಪೈಸೆ.
ಆಮೇಲೆ: 290 ರೂಪಾಯಿ, ತೆರಿಗೆ 26.10, ಪಿಂಚಣಿಯದ್ದು 18, ನಿಗದಿತ 145. ಒಟ್ಟು 479 ರೂ. 10 ಪೈಸೆ.

ಇಳಿಕೆ ಅಂದದ್ದು 37 ರೂಪಾಯಿ 55 ಪೈಸೆ ಏರಿತ್ತು. ಸುದ್ದಿಯಲ್ಲಿ ಸುಳ್ಳು ಇರಲಿಲ್ಲ, ಒಂದು ಸಾಲು ಮಾತ್ರ ಹೇಳಿದ್ದರು. ಉಳಿದ ಸಾಲು ನಾವು ಓದಿಕೊಳ್ಳಬೇಕು. ಕೆಲವು ಬಿಲ್ಲಿನಲ್ಲಿ ‘ಇಂಧನ ಹೊಂದಾಣಿಕೆ’ ಎಂಬ ಸಾಲೂ ಇರುತ್ತದೆ, ಅದು ಆಗಾಗ ಬದಲಾಗುತ್ತದೆ. ನಾನು ಇಲ್ಲಿ ಅದನ್ನು ಸೇರಿಸಿಲ್ಲ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಅದೂ ಬದಲಾಗುತ್ತಿರುತ್ತದೆ. ಆದ್ದರಿಂದ ನೀವು ಲೆಕ್ಕ ಹಾಕುವಾಗ ನಿಮ್ಮ ಬಿಲ್ಲಿನಲ್ಲಿರುವ ದರವನ್ನೇ ತೆಗೆದುಕೊಳ್ಳಿ.

ಬೇಡ ಅನ್ನುವವರಿಗೆ ಉತ್ತರ

ಕೆಲವರು ಹೇಳುವುದು: “ಮೆಷಿನ್ ಲೆಕ್ಕ ಹಾಕುತ್ತೆ, ಮೆಷಿನ್ ತಪ್ಪು ಮಾಡಲ್ಲ.” ಗುಣಾಕಾರದಲ್ಲಿ ಮೆಷಿನ್ ತಪ್ಪು ಮಾಡುವುದಿಲ್ಲ, ಒಪ್ಪಿದೆ. ಆದರೆ ಮೆಷಿನ್‌ಗೆ ಅಂಕೆ ಒತ್ತುವುದು ಮನುಷ್ಯರು. ಬಾಗಿಲು ಹಾಕಿದ್ದ ದಿನ, ಮೀಟರ್ ಮೇಲೆ ಧೂಳು ಕೂತ ದಿನ ಒಂದು ಅಂಕೆ ಆಚೀಚೆ ಆಗಬಹುದು. ಚೀಟಿಯ ಅಂಕೆಯೂ ಮೀಟರಿನ ಅಂಕೆಯೂ ಹೊಂದುತ್ತದೆಯೇ ಅಂತ ಅವತ್ತೇ ನೋಡಿದರೆ ಅವತ್ತೇ ಕೇಳಬಹುದು. ಹೊಂದದಿದ್ದರೆ 1912ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಅಂಕೆ ಇಟ್ಟುಕೊಂಡು ಮಾತಾಡಿದರೆ ಯಾರಾದರೂ ಕೇಳುತ್ತಾರೆ. “ಜಾಸ್ತಿ ಬಂದಿದೆ ಸಾರ್” ಅಂತ ಅತ್ತರೆ ಯಾರೂ ಕೇಳುವುದಿಲ್ಲ.

ಇನ್ನು ಕೆಲವರು: “ಫ್ರೀ ಸಿಕ್ಕಿದ್ದಕ್ಕೆ ಯಾಕೆ ಲೆಕ್ಕ?” ನಮಗೆ ಸೊನ್ನೆ ಆದರೂ ಆ ಕರೆಂಟಿಗೆ ಬೆಲೆ ಇದೆ. ನಮ್ಮ ಪರವಾಗಿ ಸರ್ಕಾರ ಕಟ್ಟುತ್ತದೆ, ಅದು ಎಲ್ಲರ ತೆರಿಗೆಯ ದುಡ್ಡು. ನಾವು ಅಂಗಡಿಯಲ್ಲಿ ಸೋಪು ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿದೆ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಊರುಗಳು ಮುಳುಗಿದವು, ಅಲ್ಲಿಯವರು ಮನೆ ಗದ್ದೆ ಬಿಟ್ಟು ಹೋದರು. ಅವರು ಕೊಟ್ಟದ್ದನ್ನು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುವಾಗ ಇದನ್ನು ನೆನೆಯಬೇಕು ಅಂತ ನನ್ನ ಅನಿಸಿಕೆ.

ಮೂರನೆಯವರು: “ಇದೆಲ್ಲಾ ದೊಡ್ಡವರ ಕೆಲಸ. ಅದರಲ್ಲೂ ಹೆಣ್ಣುಮಕ್ಕಳಿಗೆ ಯಾಕೆ?” ನಮ್ಮ ಮನೆಯಲ್ಲೂ ಬಿಲ್ಲು ಬಂದರೆ ಅಣ್ಣನ ಕೈಗೇ ಕೊಡುತ್ತಿದ್ದರು. ಆದರೆ ಮಿಕ್ಸಿ ಹಾಕುವುದು ಅಮ್ಮ, ಬಟ್ಟೆಗೆ ಇಸ್ತ್ರಿ ಮಾಡುವುದು ಅಕ್ಕ, ಸ್ವಿಚ್ ಆರಿಸಿಕೊಂಡು ಬರುವುದು ನಾನು. ಕರೆಂಟ್ ಯಾರ ಕೈಯಲ್ಲಿ ಖರ್ಚಾಗುತ್ತದೋ ಅವರಿಗೇ ಲೆಕ್ಕ ಗೊತ್ತಿಲ್ಲದಿದ್ದರೆ ಉಳಿಯುವುದು ಹೇಗೆ? ನಮ್ಮ ಅಮ್ಮ ನಾಲ್ಕನೇ ಕ್ಲಾಸು ಓದಿದ್ದಾರೆ. ಕಾಯಿಲ್‌ಗೆ 22.5 ಯೂನಿಟ್ ಅಂತ ಬರೆದು ತೋರಿಸಿದಾಗ, “ಅಂದ್ರೆ ಮೂವತ್ಮೂರಕ್ಕೆ ಇದು ಸೇರಿದ್ರೆ ನಮ್ಮ ಐವತ್ತೈದು ದಾಟ್ತದಲ್ಲ!” ಅಂದರು. ನಾನು ಕೂಡುವ ಮೊದಲೇ ಅವರು ಬಾಯಲ್ಲೇ ಕೂಡಿದ್ದರು. ಚಿಕ್ಕಪ್ಪ ಸಂತೆಯಿಂದ ತಂದ ಕಾಯಿಲ್ ಈಗ ಮೊಳೆಗೆ ನೇತಾಡುತ್ತಿದೆ. ಸೌದೆ ನೆನೆದ ದಿನ ಮಾತ್ರ ಅದಕ್ಕೆ ಕೆಲಸ.

ಕರೆಂಟ್ ಒಂದೇ ಅಲ್ಲ, ಬೇರೆ ಲೆಕ್ಕವೂ ಇದೇ ರೀತಿ ಮಾಡಬಹುದು. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಎರಡನ್ನೂ ಕೂಡಿದಷ್ಟು ತೂಕ ಬರಬೇಕು, ತೂಗಿ ತೋರಿಸಿ ಎಂದು ಕೇಳಬಹುದು. ಹಾಕಿದ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 45 ದಿನ ಬಂದರೆ ದಿನಕ್ಕೆ ಸುಮಾರು 315 ಗ್ರಾಂ. ಮುಂದಿನ ಸಿಲಿಂಡರ್ ಯಾವಾಗ ಬುಕ್ ಮಾಡಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಹಬ್ಬದ ದಿನ ಹೋಳಿಗೆ ಮಧ್ಯದಲ್ಲಿ ಒಲೆ ಆರುವುದಿಲ್ಲ. ಪಂಚಾಯ್ತಿಯ ನೀರಿನ ಕರದ ರಸೀದಿಯನ್ನೂ ಹೀಗೇ ಕೂಡಿಡಬೇಕು.

ಗುರುಗಳಲ್ಲಿ ನನ್ನದೊಂದು ವಿನಂತಿ. ಗಣಿತದ ಪುಸ್ತಕದಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ಅವನು ಮಾವಿನ ಹಣ್ಣು ಕೊಳ್ಳುತ್ತಾನೆ, ಅರ್ಧ ಕೊಳೆಯುತ್ತದೆ, ಆದರೂ ಅವನಿಗೆ ಲಾಭ ಬರುತ್ತದೆ. ಆ ವ್ಯಾಪಾರಿಯನ್ನು ನಾವ್ಯಾರೂ ನೋಡಿಲ್ಲ. ತಿಂಗಳಿಗೆ ಒಂದು ದಿನವಾದರೂ ಅವನಿಗೆ ರಜೆ ಕೊಟ್ಟು, ನಮ್ಮ ಮನೆಯ ಬಿಲ್ಲನ್ನೇ ಲೆಕ್ಕವಾಗಿ ಕೊಡಿ. ಸರಾಸರಿ, ಶೇಕಡಾ, ದಶಮಾಂಶ ಮೂರೂ ಒಂದೇ ಚೀಟಿಯಲ್ಲಿ ಸಿಗುತ್ತವೆ. ಉತ್ತರ ಸರಿಯೋ ತಪ್ಪೋ ಅಂತ ಪುಸ್ತಕದ ಕೊನೆ ಪುಟ ನೋಡಬೇಕಾಗಿಲ್ಲ, ಚೀಟಿಯ ಕೊನೆ ಸಾಲು ನೋಡಿದರೆ ಆಯಿತು.

ಗೆಳೆಯರಿಗೆ ಕೆಲವು ಸೂಚನೆಗಳು:

1. ಇಪ್ಪತ್ತು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಮೀಟರಿನ ಅಂಕೆ, ಬಳಕೆ, ರೂಪಾಯಿ ಎಂದು ನಾಲ್ಕು ಕಾಲಂ ಹಾಕಿ.
2. ಬಿಲ್ಲು ಬಂದ ದಿನವೇ ಬರೆದುಕೊಳ್ಳಿ. ಆ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ. ಕ್ಯಾಲೆಂಡರ್ ಹಿಂದೆ ಇಟ್ಟ ಚೀಟಿಯನ್ನು ತೆಗೆದು ನೋಡಿ, ಬಿಳೀ ಕಾಗದ ಸಿಗುತ್ತದೆ.
3. ಮೀಟರಿನಲ್ಲಿ ಒಂದಾದ ಮೇಲೆ ಒಂದು ಅಂಕೆ ಬಂದು ಹೋಗುತ್ತಿರುತ್ತದೆ. ಕೆ.ಡಬ್ಲ್ಯೂ.ಎಚ್. ಎಂದು ಪಕ್ಕದಲ್ಲಿ ಬಂದಾಗ ಇರುವ ಅಂಕೆಯನ್ನು ಬರೆದುಕೊಳ್ಳಿ.
4. ಮೀಟರನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಬೇಡಿ. ಮಳೆ ಬರುವಾಗ, ಒದ್ದೆ ಕಾಲಲ್ಲಿ ಹತ್ತಿರ ಹೋಗಲೇಬೇಡಿ.
5. ಪಕ್ಕದ ಮನೆಯಲ್ಲಿ ಓದು ಬಾರದವರು ಇದ್ದರೆ ಅವರ ಬಿಲ್ಲನ್ನೂ ಓದಿ ಹೇಳಿ. ಅದಕ್ಕೆ ದುಡ್ಡು ತೆಗೆದುಕೊಳ್ಳಬಾರದು. ಕಡಲೆಕಾಯಿ ಕೊಟ್ಟರೆ ತೆಗೆದುಕೊಳ್ಳಬಹುದು.

ಐದನೆಯದನ್ನು ಎಲ್ಲಕ್ಕಿಂತ ಮುಖ್ಯ ಅಂತ ತಿಳಿಯಿರಿ. ನಮ್ಮೂರಲ್ಲಿ ಶಾಲೆಗೆ ಹೋಗದ ಹಿರಿಯರು ತುಂಬಾ ಜನ ಇದ್ದಾರೆ. ಅವರ ಕೈಗೂ ಅದೇ ಚೀಟಿ ಬರುತ್ತದೆ. ಅವರು ಅದನ್ನು ಹಿಡಿದುಕೊಂಡು ಯಾರನ್ನೋ ಕೇಳುತ್ತಾರೆ. ಆ ‘ಯಾರೋ’ ಸುಳ್ಳು ಹೇಳುವವರು, ದುಡ್ಡು ಕೇಳುವವರು ಆಗಬಾರದು. ಏಳನೇ ತರಗತಿಯ ನಾವಾಗಬೇಕು. ನಮ್ಮ ತರಗತಿಯಲ್ಲಿ ಮೂವತ್ತೆರಡು ಜನ ಇದ್ದೇವೆ. ಒಬ್ಬೊಬ್ಬರು ತಮ್ಮ ಮನೆ ಬಿಟ್ಟು ಇನ್ನೂ ಎರಡು ಮನೆಯ ಬಿಲ್ಲು ಓದಿದರೆ ತೊಂಬತ್ತಾರು ಮನೆ ಆಗುತ್ತದೆ. ಈ ಗುಣಾಕಾರ ನನಗೆ ಬಹಳ ಇಷ್ಟ.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ಆದರೆ ಅಂಕೆ ಸಮೇತ ಬರೆಯಿರಿ. ಈ ತಿಂಗಳ ಬಿಲ್ಲನ್ನು ಯಾರೂ ಎಸೆಯಬೇಡಿ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಹುಣಸೇಮರದ ಕೆಳಗೆ ನಾನೂ ನನ್ನ ಗೆಳತಿಯೂ ಪೆನ್ಸಿಲ್ ಇಟ್ಟುಕೊಂಡು ಕೂತಿರುತ್ತೇವೆ. ಬಿಲ್ಲು ತನ್ನಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ